ವರ್ಷದ ಓದಿಗೆ ಅಡ್ಡದಾರಿ

ನನ್ನ ಮಗಳು ಯಾವುದನ್ನೂ ಪೂರ್ತಿ ಮಾಡಿದವಳಲ್ಲ. ಟೈಪಿಂಗ್ ಅರ್ಧಕ್ಕೆ, ಸಂಗೀತ ಅರ್ಧಕ್ಕೆ, ಮದುವೆಯೂ ಅರ್ಧಕ್ಕೇ. ಇಂಥವಳು ಹೊಸ ವರ್ಷದ ದಿನ ಚರ್ಚಿನಲ್ಲಿ ಹಂಚಿದ ಚೀಟಿ ಹಿಡ್ಕೊಂಡು ಬಂದು, "ಅಪ್ಪಾ, ದಿನಾ ಇಷ್ಟಿಷ್ಟು ಅಂತ ಓದಿದ್ರೆ ಡಿಸೆಂಬರ್‌ಗೆ ಇಡೀ ಬೈಬಲ್ ಮುಗಿಯುತ್ತೆ. ನಾನು ಓದ್ತೀನಿ, ನೀನು ಕೇಳ್ಬೇಕು" ಅಂದಾಗ ನಗು ಬಂತು. ನಕ್ಕರೆ ಕೆಮ್ಮು, ಕೆಮ್ಮಿದರೆ ರಕ್ತ. ಅದಕ್ಕೆ ಸುಮ್ಮನೆ ಹೂಂ ಅಂದೆ.

ಲಾರಿ ಓಡಿಸಿ ಸವೆದ ಮೈ ನನ್ನದು. ಶ್ವಾಸಕೋಶದಲ್ಲಿ ಗಡ್ಡೆ ಅಂದಿದ್ದಾರೆ ಡಾಕ್ಟರು. ಇನ್ನೆಷ್ಟು ದಿನ ಅಂತ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ಈ ಸಲ ಬಿಡಲಿಲ್ಲ ಪುಣ್ಯಾತ್ಗಿತ್ತಿ! ಬೆಳಿಗ್ಗೆ ಹೊಲಿಗೆ ಅಂಗಡಿಗೆ ಹೊರಡೋ ಮುಂಚೆ, ಕೊರಳಲ್ಲಿ ಅಳತೆ ಟೇಪು ಹಾಕ್ಕೊಂಡೇ ನನ್ನ ಮಂಚದ ಅಂಚಿಗೆ ಕೂತು ಓದೋಳು. ಜ್ವರ ಬಂದ ದಿನವೂ ಓದಿದಳು. ಓದಿದ್ದಕ್ಕೆಲ್ಲ ಚೀಟಿ ಮೇಲೆ ಬಟ್ಟೆಗೆ ಗುರುತು ಹಾಕೋ ಚಾಕ್‌ನಿಂದ ಒಂದು ಗೀಟು.

ಓದೋದಾದರೂ ಏನು! ಯಾರಿಗೆ ಯಾರು ಹುಟ್ಟಿದರು, ಗುಡಾರದ ಪರದೆ ಎಷ್ಟು ಮೊಳ, ಯಾವ ಪ್ರಾಣಿ ತಿನ್ನಬಹುದು, ಯಾವುದು ತಿನ್ನಬಾರದು. ಹೊಲಿಯೋಳಿಗೆ ಪರದೆ ಲೆಕ್ಕ ಖುಷಿ. ನನಗೆ ತಲೆ ಚಿಟ್ಟು ಹಿಡಿಯೋದು. ನನಗೆ ಬೇಕಿದ್ದದ್ದು ಒಂದೇ ಭಾಗ: ಸತ್ತು ಎದ್ದ ಯೇಸು ಸಮುದ್ರದ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ಸುಸ್ತಾಗಿ ಬಂದ ಗೆಳೆಯರನ್ನ ಊಟಕ್ಕೆ ಕರೀತಾನಲ್ಲ, ಅದು. ನನ್ನ ಹೆಂಡತಿ ಇದ್ದಾಗ ಓದೋಳು. ರಾತ್ರಿಯೆಲ್ಲ ಸ್ಟೀರಿಂಗ್ ಹಿಡಿದವನಿಗೆ ಆ ಬೆಳಗಿನ ಬೆಂಕಿಯ ಬೆಲೆ ಗೊತ್ತು. ಇನ್ನೊಂದು ಸಲ ಕೇಳಿಸ್ಕೊಂಡು ಹೋಗೋಣ ಅನ್ನೋ ಆಸೆ.

"ಇವತ್ತು ಅದನ್ನ ಓದೇ."

"ಅದು ಬರೋದು ವರ್ಷದ ಕೊನೇಲಿ."

"ಅಷ್ಟು ಸುತ್ತು ಯಾಕೆ? ಅಡ್ಡದಾರಿ ಇದೆಯಲ್ಲ, ನಾಲ್ಕು ಪುಟ ಮಗುಚಿದ್ರೆ ಆಯ್ತು."

"ಅಡ್ಡದಾರಿ ಗಿಡ್ಡದಾರಿ ಏನೂ ಇಲ್ಲ. ಸಾಲಾಗೇ ಓದೋದು. ನಿನಗೇನಪ್ಪ ಅರ್ಜೆಂಟು?"

ಅರ್ಜೆಂಟಂತೆ! ಇಲ್ಲಿ ಒಂದು ಉಸಿರು ಎಳೆಯೋದೇ ತುಂಬಿದ ಲಾರಿ ಘಾಟಿ ಹತ್ತಿಸಿದ ಹಾಗೆ. ದಿನಾ ಇದೇ ಜಗಳ. ಮೊಂಡಿ ಅಂದೆ, ಕಲ್ಲು ಮನಸ್ಸಿನವಳು ಅಂದೆ, ಮುಖ ಗೋಡೆಗೆ ತಿರುಗಿಸಿದೆ. ಅವಳು ಜಪ್ಪಯ್ಯ ಅನ್ನಲಿಲ್ಲ.

ನಿನ್ನೆ ಅವಳೊಬ್ಬಳೇ ಹೋಗಿ ಡಾಕ್ಟರನ್ನ ನೋಡ್ಕೊಂಡು ಬಂದಳು. ಏನಂದ್ರೇ ಅಂತ ಕೇಳಿದ್ದಕ್ಕೆ, "ಎಲ್ಲ ಹಾಗೇ ಇದೆಯಂತೆ" ಅಂದು ಅಡುಗೆಮನೆಗೆ ಹೋದಳು.

ಇವತ್ತು ಬೆಳಿಗ್ಗೆ ಬಂದು ಕೂತವಳು ಚೀಟಿ ತೆಗೆಯಲೇ ಇಲ್ಲ. ದಪ್ಪಗೆ ಪುಟ ಹಿಡಿದು ಕೊನೇ ಕಡೆಗೆ ಮಗುಚಿ, ಸಮುದ್ರದ ದಡದ್ದನ್ನ ಶುರು ಮಾಡಿದಳು. ನಾನು ಕೇಳದೇನೇ.

ನಿನ್ನೆ ಡಾಕ್ಟರು ಏನಂದಿರಬೇಕು ಅಂತ ಆಗ ಗೊತ್ತಾಯ್ತು. ಸಾಲು ಸಾಲು ಅಂತ ನನ್ನನ್ನ ಡಿಸೆಂಬರ್‌ವರೆಗೂ ಎಳ್ಕೊಂಡು ಹೊರಟಿದ್ದವಳು ಅವಳು. ನಾನು ಅದನ್ನೇ ಮೊಂಡುತನ ಅಂತ ಬೈತಿದ್ದೆ. ಸಾವಿಗೆ ಹೆದರೋನಲ್ಲ ಅಂದ್ಕೊಂಡಿದ್ದೆ. ಈಗ ಹೆದರಿದೆ.

"ಮುಚ್ಚೇ ಅದನ್ನ. ನಿನ್ನೆ ಎಲ್ಲಿಗೆ ನಿಲ್ಸಿದ್ವಿ? ಅಲ್ಲಿಂದ ಓದು."

ಅವಳು ತಲೆ ಎತ್ತಲಿಲ್ಲ.

"ಇವತ್ತಿನ ಪಾಲು ಓದು ಮಗಳೇ. ನಿನ್ನ ದಮ್ಮಯ್ಯ."

ಅವಳು ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು, ಮೂಗು ಒರೆಸ್ಕೊಳ್ತಾ, ಮೀನು ಸುಟ್ಟ ಭಾಗವನ್ನೇ ಕೊನೇವರೆಗೂ ಓದಿದಳು.