ನಾಯಿ ಮಲಗುವ ಹೊತ್ತು

"ತಲೆ ಒಡೆದವಳ ಥರ ಮಲ್ಕೋ ಅಂದ್ರೆ ಮದುಮಗಳ ಥರ ಹಲ್ಲು ಕಿರೀತಿದ್ದೀಯಲ್ಲೇ, ಮುಂಡೇದೇ."

ಸೂಪರ್‌ವೈಸರ್ ಬೈದ ಮೇಲೆ ಗುಬ್ಬಿ ಬಾಯಿ ಮುಚ್ಚಿಕೊಂಡಳು. ನಗು ಬಂದದ್ದು ಅವಳ ತಪ್ಪಲ್ಲ. ಬದುಕಿರುವಾಗಲೇ ನಾಲ್ಕು ಜನ ಹೊರುವ ಭಾಗ್ಯ ಯಾರಿಗುಂಟು? ಬೆಳಗಿನಿಂದ ಸಿಮೆಂಟು ಕಲಸಿ ಸೊಂಟ ಬಿದ್ದುಹೋದವಳಿಗೆ ಆ ಸ್ಟ್ರೆಚರು ಹಾಸಿಗೆಗಿಂತ ಹೆಚ್ಚಾಗಿತ್ತು.

ಮೊದಲು ಬಣ್ಣ ಬಳಿಯುವವನನ್ನು ಮಲಗಿಸಿ ನೋಡಿದ್ದರು. ಅವನ ಹೊಟ್ಟೆಯ ಭಾರಕ್ಕೆ ಹೊತ್ತವರು ಕುಡಿದವರ ಹಾಗೆ ಓಲಾಡಿದರು. ಹಾಗಾಗಿ ಗಾಯಾಳುವಿನ ಕೆಲಸ ಒಣಕಡ್ಡಿಯಂತಿದ್ದ ಗುಬ್ಬಿಯ ಪಾಲಿಗೆ ಬಂತು. ಹಣೆಗೆ ಕೆಂಪು ಬಣ್ಣದ ಪುಡಿ ಕಲಸಿ ಬಳಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಸೀಲು ಒಡೆದು, ಇದ್ದಬದ್ದ ಬ್ಯಾಂಡೇಜನ್ನೆಲ್ಲ ಅವಳ ಗಟ್ಟಿಮುಟ್ಟಾದ ತಲೆಗೆ ಸುತ್ತಿದರು.

ಮಹಡಿಗೊಂದು ಮನೆಯಿದ್ದ ಆ ಅಪಾರ್ಟ್‌ಮೆಂಟಿನಲ್ಲಿ ಒಂದು ಮೊಳೆ ಹೊಡೆಯಲೂ ನಿಯಮವಿತ್ತು. ಮನೆಯವರ ಲಿಫ್ಟನ್ನು ಕೆಲಸದವರು ಹತ್ತುವಂತಿಲ್ಲ, ಅವರಿಗೆ ಹಿಂದುಗಡೆ ಬೇರೆ ಲಿಫ್ಟು. ಮಧ್ಯಾಹ್ನದ ಊಟದ ನಂತರ ಸದ್ದು ಮಾಡುವಂತಿಲ್ಲ, ಅದು ಕೆಳಗಿನ ಮನೆಯ ನಾಯಿ ಮಲಗುವ ಹೊತ್ತು. ಅಪಘಾತವಾದರೆ ಏನು ಮಾಡುತ್ತೀರೆಂದು ತಾಲೀಮು ಮಾಡಿ ತೋರಿಸದಿದ್ದರೆ ಇವತ್ತೇ ಕೆಲಸ ಬಂದ್ ಎಂದು ಸುರಕ್ಷತಾ ಅಧಿಕಾರಿ ಹೇಳಿಕಳಿಸಿದ್ದ. ತಾಲೀಮು ಮನೆಯ ಹೊಸ್ತಿಲವರೆಗೆ ಮಾತ್ರ. ಯಾಕೆಂದರೆ ಸ್ಟ್ರೆಚರು ಹಿಂದಿನ ಲಿಫ್ಟಿನಲ್ಲಿ ಹಿಡಿಸುತ್ತಿರಲಿಲ್ಲ.

ಹೊರಲು ಕರೆಸಿದ್ದು ಕಲ್ಲು ಹಿಡಿಯುವ ನಾಲ್ವರನ್ನೇ. ಗುಬ್ಬಿಯ ಅಣ್ಣ ಒಳಗೆ ಬಚ್ಚಲಮನೆಯ ಗೋಡೆಗೆ ಆಳೆತ್ತರದ ಅಮೃತಶಿಲೆ ಕೂರಿಸುತ್ತಿದ್ದ. ಹಿಡಿಯುವವರಿಲ್ಲದೆ ಹೇಗೆ ಎಂದು ಅವನು ಕೇಳಿದ್ದಕ್ಕೆ, ಒರಗಿಸಿಟ್ಟು ಬುಡಕ್ಕೆ ಗಾರೆ ತುಂಬು, ಅದೇನು ಎದ್ದು ಓಡಿಹೋಗುತ್ತದೆಯೇ ಎಂದಿದ್ದ ಸೂಪರ್‌ವೈಸರ್.

ಅಧಿಕಾರಿ ಬಂದ. ನೆಲಕ್ಕೆ ಗೀರು ಬೀಳದಿರಲೆಂದು ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡಿದ್ದ. ಗಡಿಯಾರ ನೋಡಿ ಕೈ ಎತ್ತಿದ. ನಾಲ್ವರು ಗುಬ್ಬಿಯನ್ನು ಹೊತ್ತರು. ಎರಡು ಹೆಜ್ಜೆ ಹಾಕಿರಲಿಲ್ಲ, ಬಚ್ಚಲಮನೆಯಲ್ಲಿ ದೊಪ್ಪೆಂದು ಸದ್ದಾಯಿತು. ಹಿಂದೆಯೇ ಅಣ್ಣನ ಕೂಗು.

ಕೂಗು ತಾಲೀಮಿನಲ್ಲಿ ಇರಲಿಲ್ಲವಲ್ಲ ಎಂದು ಅಧಿಕಾರಿ ಮುಖ ಸಿಂಡರಿಸಿದ. ಗುಬ್ಬಿ ಸ್ಟ್ರೆಚರಿನಿಂದ ಹಾರಿ ಓಡಿದಳು. ಗಾಯಾಳು ಎದ್ದು ಓಡುವಂತಿಲ್ಲ, ಹೀಗಾದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ ಎಂದು ಅವನು ಹಿಂದಿನಿಂದ ಹೇಳುತ್ತಲೇ ಇದ್ದ.

ಕಲ್ಲು ಅಣ್ಣನ ಕಾಲಿನ ಮೇಲೆ, ಮೊಣಕಾಲಿಗಿಂತ ಕೆಳಗೆ ಬಿದ್ದಿತ್ತು. ನಾಲ್ವರೂ ಸ್ಟ್ರೆಚರು ಬಿಸಾಕಿ ಬಂದು ಎತ್ತಿದರು. ನೀರು ನಿಲ್ಲಬಾರದೆಂದು ಅಣ್ಣನೇ ಕೊಟ್ಟಿದ್ದ ಇಳಿಜಾರಿನಲ್ಲಿ ರಕ್ತ ನೆಟ್ಟಗೆ ಮೂಲೆಯ ಜಾಲರಿಯ ಕಡೆ ಹರಿಯಿತು. ಸೂಪರ್‌ವೈಸರ್ ಗಾರೆ ಒರೆಸುವ ಬಟ್ಟೆಯನ್ನು ಅಣ್ಣನ ಬಾಯಿಗೆ ತುರುಕಿದ.

"ಕೂಗ್ಬೇಡ್ವೋ. ನಾಯಿ ಮಲಗಿದೆ. ಕಂಪ್ಲೇಂಟ್ ಬಂದ್ರೆ ಎಲ್ಲರ ಹೊಟ್ಟೆ ಮೇಲೂ ಹೊಡೀತಾರೆ."

ಅಣ್ಣ ಬಟ್ಟೆಯನ್ನು ಕಚ್ಚಿಹಿಡಿದ. ಪೆಟ್ಟಿಗೆ ಖಾಲಿಯಾಗಿತ್ತು. ಗುಬ್ಬಿ ತನ್ನ ತಲೆಯ ಬ್ಯಾಂಡೇಜನ್ನು ಸರಸರನೆ ಬಿಚ್ಚಿ ಅಣ್ಣನ ಕಾಲಿಗೆ ಬಿಗಿಯತೊಡಗಿದಳು.

"ಅದನ್ನ ತಲೆಗೆ ಸುತ್ಕೊಳ್ಳೇ, ಹಾದರಗಿತ್ತಿ. ಸಾರ್ ನೋಡ್ತಾ ಇದ್ದಾರೆ. ತಾಲೀಮು ಮುಗೀಲಿ, ಆಮೇಲೆ ಇವನನ್ನ ಹಿಂದಿನ ಲಿಫ್ಟಲ್ಲಿ ಕೂರಿಸಿ ಇಳಿಸಿದ್ರಾಯ್ತು."

ಬಾಗಿಲಲ್ಲಿ ನಿಂತ ಅಧಿಕಾರಿ ನಿಜವಾಗಿಯೂ ಗೊಂದಲಕ್ಕೆ ಬಿದ್ದಿದ್ದ. ಇವತ್ತಿನ ಗಾಯಾಳು ಒಬ್ಬಳು ಹೆಂಗಸು, ತಲೆಗೆ ಪೆಟ್ಟು. ಇವನು ನೋಡಿದರೆ ಗಂಡಸು, ಅದೂ ಕಾಲು. ಇವನನ್ನು ವರದಿಯಲ್ಲಿ ಎಲ್ಲಿ ಸೇರಿಸಲಿ ಎಂದು ಕೇಳಿದ.

ಗುಬ್ಬಿ ಗಂಟು ಹಾಕುತ್ತಲೇ ಹೇಳಿದಳು. "ಒಬ್ರಿಗೇ ಜಾಗ ಇರೋದಾದ್ರೆ, ನನಗೆ ವಾಸಿಯಾಯ್ತು ಅಂತ ಬರ್ಕೊಳ್ಳಿ ಸಾರ್."

ನಾಲ್ವರಲ್ಲಿ ಒಬ್ಬ ಹೋಗಿ ಸ್ಟ್ರೆಚರು ತಂದ. ಅಣ್ಣನನ್ನು ಹೊತ್ತು ಹೊಸ್ತಿಲವರೆಗೆ ಬಂದದ್ದೇ ಅವರ ಕಾಲುಗಳು ತಾವಾಗಿಯೇ ನಿಂತವು. ಅಭ್ಯಾಸಬಲ. ಅಧಿಕಾರಿ ಬರುವ ಮುಂಚೆ ಅಭ್ಯಾಸ ಮಾಡಿದ ಪ್ರತಿ ಸಲವೂ ಅಲ್ಲಿ ಇಳಿಸಿ ಟೀ ಕುಡಿದಿದ್ದರು. ಅದರಾಚೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಗುಬ್ಬಿ ಅವರನ್ನು ದಾಟಿ ಹೋಗಿ ಮನೆಯವರ ಲಿಫ್ಟಿನ ಗುಂಡಿ ಒತ್ತಿದಳು. ನಾಲ್ವರು ಅವಳ ಹಿಂದೆಯೇ ಸ್ಟ್ರೆಚರನ್ನು ಒಳಗೆ ತಂದರು.

ಮಾಲೀಕರ ಹೊಸ ಸೋಫಾ ಬರುವುದಿತ್ತೆಂದು ಲಿಫ್ಟಿನ ಗೋಡೆಗಳಿಗೆ ಹತ್ತಿ ತುಂಬಿದ ರಜಾಯಿ ಕಟ್ಟಿದ್ದರು. ಗೋಡೆಗೆ ನೋವಾಗಬಾರದಲ್ಲ. ಗುಬ್ಬಿ ಒಂದನ್ನು ಪರ್ರೆಂದು ಕಿತ್ತು ಅಣ್ಣನ ಕಾಲಿನಡಿ ಮಡಿಸಿಟ್ಟಳು. ಅದು ಲಿಫ್ಟಿಂದು ಕಣೇ ಎನ್ನುತ್ತ ಓಡಿಬಂದ ಸೂಪರ್‌ವೈಸರ್‌ನ ಮುಖಕ್ಕೆ ಬಾಗಿಲು ಮುಚ್ಚಿತು.

ಒಂದು ಮಹಡಿ ಇಳಿದು ಲಿಫ್ಟು ನಿಂತಿತು. ಎದುರಿಗೆ ಕೆಳಗಿನ ಮನೆಯ ಯಜಮಾನಿ, ಕೈಯಲ್ಲಿ ಬೆಲ್ಟು, ಬೆಲ್ಟಿನ ತುದಿಗೆ ನಾಯಿ. ನಾಯಿ ಗೆಲುವಾಗಿ ಬಾಲ ಅಲ್ಲಾಡಿಸುತ್ತಿತ್ತು. ಆಕೆ ರಕ್ತ ನೋಡಿದಳು, ರಜಾಯಿ ನೋಡಿದಳು. ಕೆಲಸದವರಿಗೆ ಬೇರೆ ಲಿಫ್ಟಿದೆಯಲ್ಲ ಎಂದಳು.

"ಇದೆ ಅಮ್ಮ. ನೀವು ಅದರಲ್ಲಿ ಬನ್ನಿ."

ಬಾಗಿಲು ಮುಚ್ಚಿಕೊಂಡಿತು. ಗುಬ್ಬಿ ಬಗ್ಗಿ ಅಣ್ಣನ ಬಾಯಿಂದ ಬಟ್ಟೆ ಎಳೆದಳು.

"ಇನ್ನು ಕೂಗಣ್ಣ. ನಾಯಿ ಎದ್ದಿದೆ."

ಅಣ್ಣ ಕೂಗಿದ. ಲಿಫ್ಟು ಇಳಿದಂತೆಲ್ಲ ಹೊರಗೆ ಮಹಡಿ ಮಹಡಿಯಲ್ಲೂ ಬಾಗಿಲುಗಳು ತೆರೆಯುವ ಸದ್ದು ಕೇಳಿಸತೊಡಗಿತು.