ಜಾಪರನಿಗೆ ಗುರುತು ಸಿಗುವಂಥ ಫೋಟೋ

ಸೊಂಗ್ ಕೊಲ್ ಸರೋವರದ ದಂಡೆಯಲ್ಲಿ ನಾನು ಮಾಡುವುದನ್ನು ದೂರದಿಂದ ನೋಡಿದ ಯಾರೂ ಅದನ್ನು ಕೆಲಸ ಎನ್ನಲಾರರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸುತ್ತೇನೆ, ಕಂಬಳಿ ಹೊದೆಯುತ್ತೇನೆ, ಬೆಳಕಿಗಾಗಿ ಕಾಯುತ್ತೇನೆ. ಬಂದ ಬೆಳಕು ಮನಸ್ಸಿಗೆ ಹಿಡಿಸದಿದ್ದರೆ ಇನ್ನೊಂದಕ್ಕೆ ಕಾಯುತ್ತೇನೆ. ನಡುನಡುವೆ ತೂಕಡಿಕೆ. ಹುಳಿ ಬಂದ ಕುದುರೆ ಹಾಲು ಎರಡು ಬಟ್ಟಲು ಒಳಗೆ ಹೋಗಿದ್ದರಂತೂ ಎದುರಿನ ನೀರು, ಆಚೆ ದಡದ ಬೆಟ್ಟ, ಬೆಟ್ಟದ ಮೇಲಿನ ಮೋಡ ಎಲ್ಲವೂ ಒಂದರೊಳಗೊಂದು ಕರಗಿ, ನನ್ನ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ನನಗೇ ತಿಳಿಯುವುದಿಲ್ಲ. ನನ್ನ ಒಳ್ಳೆಯ ಫೋಟೋಗಳೆಲ್ಲ ಆ ಮಂಪರಿನಲ್ಲೇ ತೆಗೆದವು ಎಂದರೆ ರಾಜಧಾನಿ ಬಿಷ್ಕೆಕ್‌ನ ಗಿರಾಕಿಗಳು ನಂಬುವುದಿಲ್ಲ.

ಗಿರಾಕಿಗಳೆಂದರೆ ಪ್ರವಾಸದ ಕಂಪನಿಯವರು, ಕ್ಯಾಲೆಂಡರ್ ಅಚ್ಚು ಹಾಕಿಸುವವರು. ನಾನು ಯಾರ ಸಂಬಳದ ಆಳೂ ಅಲ್ಲ. ಕರೆದರೆ ಅವರ ಕೆಲಸ, ಕರೆಯದಿದ್ದರೆ ನನ್ನ ಪಾಡು ನನಗೆ. ಅವರೆಲ್ಲರ ಬೇಡಿಕೆ ಮಾತ್ರ ಒಂದೇ: ಚಿತ್ರದಲ್ಲಿ ಜನ ಇರಕೂಡದು, ಸರೋವರ ಇವತ್ತು ಬೆಳಿಗ್ಗೆಯಷ್ಟೇ ಹುಟ್ಟಿದಂತೆ ಕಾಣಬೇಕು. ನನ್ನ ಆಸೆಯೂ ಅದೇ. ಎಂಥ ಚೆಂದದ ಇಳಿಜಾರಿನಲ್ಲಾದರೂ ಒಬ್ಬ ಮನುಷ್ಯ ನೀಲಿ ಪ್ಲಾಸ್ಟಿಕ್ ಬಕೆಟ್ ಹಿಡಿದು ಬಂದು ನಿಂತರೆ ಕಥೆ ಮುಗಿಯಿತು. ಅವನು ದಾಟಿ ಹೋಗುವವರೆಗೂ ಹಲ್ಲು ಕಚ್ಚಿಕೊಂಡು ಕೂರುತ್ತೇನೆ.

ಬೇಸಿಗೆಯಲ್ಲಿ ನಾನು ತಂಗುವುದು ಕಲಿಪಾ ಅಜ್ಜಿಯ ಗುಡಾರದಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಬಾಯಿ ಮಾತ್ರ ಇಪ್ಪತ್ತರದು. ಮಗ ಕುರಿಗಳ ಹಿಂದೆ ಮೇಲಿನ ಕಣಿವೆಯಲ್ಲಿರುತ್ತಾನೆ. ಹಾಲು ಹಿಂಡುವುದು, ಒಲೆ ನೋಡಿಕೊಳ್ಳುವುದು ಸೊಸೆ ಗುಲ್ಬಾರಾ. ಜೊತೆಗೆ ಅಜ್ಜಿಯ ಮೈದುನ ಮುಕಾಶ್ ಇದ್ದಾನೆ. ಮುಕಾಶ್ ಮುದುಕನಿಗೆ ಈಗೀಗ ಮುಖಗಳು ನೆನಪಿರುವುದಿಲ್ಲ. ನನ್ನನ್ನು ದನದ ಡಾಕ್ಟರು ಎಂದುಕೊಂಡು ಎಂದೋ ಸತ್ತ ಕುರಿಯೊಂದರ ಕಾಲುನೋವನ್ನು ದಿನವೂ ಹೇಳುತ್ತಾನೆ. ಅತ್ತಿಗೆಯನ್ನು ತನ್ನ ತಾಯಿ ಎಂದೇ ತಿಳಿದು ಅಮ್ಮಾ ಎಂದು ಕರೆಯುತ್ತಾನೆ. ಅಜ್ಜಿಯೂ ತಿದ್ದಲು ಹೋಗದೆ ಓಗೊಡುತ್ತಾಳೆ.

ಒಂದು ಸಂಜೆ ಅಜ್ಜಿ ದಂಡೆಗೆ ಬಂದು ನನ್ನ ಪಕ್ಕದಲ್ಲಿ ಕುಕ್ಕರಿಸಿದಳು. ಈ ನೀರು ಎಲ್ಲಿಗೂ ಓಡಿಹೋಗುವುದಿಲ್ಲ, ಇಷ್ಟೇಕೆ ಕಾಯುತ್ತೀ ಎಂದು ಕಿಚಾಯಿಸಿದಳು. ಆಮೇಲೆ ಮೆಲ್ಲಗೆ, ಮನುಷ್ಯರ ಫೋಟೋ ತೆಗೆಯುತ್ತೀಯಾ ಎಂದು ಕೇಳಿದಳು. ಅದು ನನ್ನ ಕೆಲಸವಲ್ಲ ಎಂದೆ.

"ಹಂಗಾದ್ರೆ ನನ್ನ ಒಂದು ಬೆಟ್ಟ ಅಂದ್ಕೋ ಮಗಾ," ಎಂದಳು. "ಬಿರುಕು, ಕೊರಕಲು ಎಲ್ಲಾ ಇದೆಯಲ್ಲ."

ಅವಳಿಗೆ ಬೇಕಾಗಿದ್ದದ್ದು ಗೋರಿಕಲ್ಲಿನ ಫೋಟೋ. ನಮ್ಮಲ್ಲಿ ಸತ್ತವರ ಮುಖವನ್ನು ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಅದು ಸಲ್ಲದು ಎಂದು ಮುಲ್ಲಾ ಹೇಳುತ್ತಲೇ ಇರುತ್ತಾರೆ, ಜನ ತಲೆ ತಗ್ಗಿಸಿ ಕೇಳಿ, ಅಲ್ಲಿಂದ ನೇರ ಕೆಳಗಿನ ಪೇಟೆಯಾದ ಕೊಚ್‌ಕೋರಿನ ಕಲ್ಲುಕೆತ್ತುವವನ ಹತ್ತಿರ ಹೋಗುತ್ತಾರೆ. ಅಜ್ಜಿಯ ಗಂಡ ಜಾಪರ್ ಮದುವೆಯಾಗಿ ಕೆಲವೇ ವರ್ಷಗಳಲ್ಲಿ, ಕುರಿ ತರಲು ಹೋಗಿ ಹಿಮ ಕುಸಿದು ಸತ್ತವನು. ಇದ್ದದ್ದು ಅವನು ಸೈನ್ಯದಲ್ಲಿದ್ದಾಗಿನ ಒಂದೇ ಫೋಟೋ. ಮಗ ದೊಡ್ಡವನಾಗಿ ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಜೋಡಿ ಕಲ್ಲು ನಿಲ್ಲಿಸಿದ. ಎಡಗಡೆ ಟೋಪಿ ಹಾಕಿದ, ಕಿವಿ ಮುಂದೆ ಬಂದ, ಮೀಸೆ ಸರಿಯಾಗಿ ಮೂಡದ ಜಾಪರ್. ಬಲಗಡೆ ಅಜ್ಜಿಗಾಗಿ ನುಣ್ಣಗೆ ಉಜ್ಜಿ ಬಿಟ್ಟ ಖಾಲಿ ಜಾಗ. ಅವಳು ಅಲ್ಲಿಗೆ ಹೋದಾಗಲೆಲ್ಲ ಆ ಕಪ್ಪು ನುಣುಪಿನಲ್ಲಿ ತನ್ನ ಮುಖವೇ ಕಾಣುತ್ತದಂತೆ.

"ನೋಡಿದೋರು ಅಜ್ಜಿ ಮೊಮ್ಮಗ ಅಂತ ನಗ್ತಾರೆ. ನಗ್ಲಿ ಬಿಡು," ಎಂದಳು. "ಆದ್ರೆ ಅವನಿಗೇ ನನ್ನ ಗುರುತು ಸಿಗ್ದೆ ಹೋದ್ರೆ?"

ಇದನ್ನು ಮಾತ್ರ ಅವಳು ನಗದೆ ಹೇಳಿದಳು. ಅವಳ ಪ್ರಾಯದ ದಿನಗಳ ಫೋಟೋ ಒಂದೂ ಇರಲಿಲ್ಲ. ಸೋವಿಯತ್ ಕಾಲದ ಪಾಸ್‌ಪೋರ್ಟಿನಲ್ಲಿ ಎರಡು ಅಂಟಿಸಿದ್ದರಂತೆ, ಹೊಸದು ಕೊಟ್ಟಾಗ ಹಳೆಯದನ್ನು ಒಪ್ಪಿಸಬೇಕಾಯಿತು. ಆಗ ಅವಳಿಗೆ ಅದೇನೂ ದೊಡ್ಡದೆನಿಸಿರಲಿಲ್ಲ. ಕಂಪ್ಯೂಟರಿನಲ್ಲಿ ಸುಕ್ಕು ತೆಗೆಯಬಹುದು ಎಂದೆ. ಮೊಮ್ಮಗಳು ಫೋನಿನಲ್ಲಿ ಆ ಆಟ ಆಗಲೇ ಆಡಿಬಿಟ್ಟಿದ್ದಳು. ಗೋಡೆಗೆ ಸುಣ್ಣ ಹೊಡೆದ ಹಾಗಿತ್ತು, ಅದು ಯಾರ ಮನೆಯ ಹೆಂಗಸೋ ಎಂದು ಅಜ್ಜಿ ಮೂಗು ಮುರಿದಳು.

"ನಿನ್ನ ಕ್ಯಾಲೆಂಡ್ರಲ್ಲಿ ಈ ಕೆರೇನ ಇವತ್ತು ಹುಟ್ಟಿದ ಹಂಗೆ ಮಾಡ್ತೀಯಲ್ಲ. ಅದಕ್ಕೆ ಎಷ್ಟು ಸಾವಿರ ವರ್ಷ ಆಗಿದೆಯೋ. ನಂದೇನು ಮಹಾ."

ಈ ಮಾತಿಗೆ ನಾನು ಬಿದ್ದೆ. ಹೊಗಳಿಕೆಗೆ ಉಬ್ಬುವವನು ನಾನು, ಮೊದಲಿಂದಲೂ ಅಷ್ಟೇ.

ಅಂದಿನಿಂದ ಸರೋವರದ ಜೊತೆಗೆ ಅಜ್ಜಿಯ ಮುಖಕ್ಕೂ ಬೆಳಕು ಹುಡುಕತೊಡಗಿದೆ. ಗುಡಾರದ ನೆತ್ತಿಯ ಕಿಂಡಿಯಿಂದ ಬೆಳಗಿನ ಹೊತ್ತು ಒಂದು ಕೋಲು ಬೆಳಕು ಇಳಿಯುತ್ತದೆ. ಒಲೆಯ ಹೊಗೆ ಅದರೊಳಗೆ ನಿಧಾನ ಸುತ್ತುತ್ತ ಮೇಲೇರುತ್ತದೆ. ಆ ಬೆಳಕು ಹಾಸಿಗೆಯ ರಾಶಿಯಿಂದ ಜಾರಿ, ಕಂಬಳಿಯ ಕೆಂಪು ಹೂವುಗಳನ್ನು ಒಂದೊಂದಾಗಿ ಮುಟ್ಟಿ, ಕೊನೆಗೆ ಟೀ ಕುಡಿಯುತ್ತ ಕೂತ ಅಜ್ಜಿಯ ಕೆನ್ನೆಗೆ ಬರುವವರೆಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಸುಕ್ಕುಗಳೆಲ್ಲ ಹೊಗೆಯಲ್ಲಿ ಮೆತ್ತಗಾಗಿ ಬಂದವು. ಎಷ್ಟು ಚೆನ್ನಾಗಿದೆ ಎಂದು ನಾನೇ ಮರುಳಾದೆ. ಅಜ್ಜಿ ಕನ್ನಡಕ ಏರಿಸಿ ನೋಡಿ, ಇದು ಆಗಲೇ ಸತ್ತವಳ ಮುಖ, ನನಗೆ ಇನ್ನೂ ಟೈಮಿದೆ ಎಂದಳು.

ಆಮೇಲೆ ಸಂಜೆಯ ಬೆಳಕು. ಸೂರ್ಯ ಆಚೆ ಬೆಟ್ಟದ ಅಂಚಿಗೆ ತಾಗುವ ಹೊತ್ತಿಗೆ ಇಲ್ಲಿ ಹುಲ್ಲು, ಕುದುರೆಯ ಬೆನ್ನು, ಹಾಲಿನ ಬಕೆಟ್ಟು ಎಲ್ಲಕ್ಕೂ ಹೊಂಬಣ್ಣ ಬರುತ್ತದೆ. ಆ ಹೊತ್ತಿನಲ್ಲಿ ಕೊಳಕು ಎಂಬುದೇ ಇಲ್ಲ. ಅಜ್ಜಿಯನ್ನು ಹುಲ್ಲಿನಲ್ಲಿ ಕೂರಿಸಿದೆ, ನಿಲ್ಲಿಸಿದೆ, ತಲೆವಸ್ತ್ರ ಸಡಿಲಿಸಿದೆ, ಜಾಪರನ ಬಗ್ಗೆ ಕೇಳಿ ನಗಿಸಿದೆ. ಅವನು ಹಾಡಿದರೆ ನಾಯಿಗಳು ಎದ್ದು ಹೋಗುತ್ತಿದ್ದವಂತೆ. ಅವಳು ಬಾಯಿ ತುಂಬ ನಕ್ಕಾಗ ಹೊಡೆದ ಫೋಟೋದಲ್ಲಿ ಕಣ್ಣು ಹೊಳೆದು ನಿಜಕ್ಕೂ ಪ್ರಾಯ ಬಂದಂತಿತ್ತು. ಈ ಸಲ ಗೆದ್ದೆ ಎಂದುಕೊಂಡು ಒಳಗೆ ಒಯ್ದು, ಎಲ್ಲರಿಗೂ ಕಾಣುವಂತೆ ಕ್ಯಾಮೆರಾದ ಪರದೆ ತೋರಿಸಿದೆ.

ಮುಕಾಶ್ ಬಗ್ಗಿ ನೋಡಿ ತಲೆದೂಗಿದ. ಅಮ್ಮ ಚೆನ್ನಾಗಿ ಬಂದಿದ್ದಾಳೆ, ಆದರೆ ತುಂಬ ಮುದಿಯಾಗಿಬಿಟ್ಟಳು, ಪಾಪ ಎಂದ.

ಗುಲ್ಬಾರಾ ನಗು ತಡೆಯಲಾಗದೆ ಒಲೆಯ ಕಡೆ ತಿರುಗಿಕೊಂಡಳು. ಅಜ್ಜಿಯೂ ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು. ಅವಳ ಮನಸ್ಸಿನಲ್ಲಿ ಏನು ಓಡಿತೆಂದು ನನಗೆ ಗೊತ್ತಾಯಿತು. ಒಂದೇ ಒಲೆಯ ಮುಂದೆ ಬೆಳೆದ ತಮ್ಮನಿಗೇ ಹೀಗೆ ಕಂಡರೆ ಅಣ್ಣ ಜಾಪರನಿಗೆ ಹೇಗೆ ಕಂಡೀತು? ಮರುದಿನ ಅವಳು ಫೋಟೋದ ಮಾತೇ ಎತ್ತಲಿಲ್ಲ. ಅದರ ಮರುದಿನ, ಆ ಬಲಗಡೆಯ ಜಾಗ ಖಾಲಿಯೇ ಇರಲಿ, ಹೆಸರು ಮಾತ್ರ ಕೆತ್ತಲು ಮಗನಿಗೆ ಹೇಳುತ್ತೇನೆ ಎಂದಳು. ನನಗೆ ಬೇಸರ ತಡೆಯಲಾಗಲಿಲ್ಲ. ಇಷ್ಟು ವರ್ಷ ಬೆಳಕಿನ ಹಿಂದೆ ಅಲೆದು ಕಲಿತದ್ದು ಒಂದು ಮುಖಕ್ಕೆ ಸಾಲದೇ ಹೋಯಿತಲ್ಲ ಎಂದು ದಂಡೆಯಲ್ಲಿ ಕೂತು ನನ್ನನ್ನೇ ಬೈದುಕೊಂಡೆ.

ಅದಾದ ಮೇಲೆ ಮಂಜು ಬಿದ್ದ ಒಂದು ಬೆಳಿಗ್ಗೆ. ನೀರು ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಹೇಳುವಂತಿರಲಿಲ್ಲ. ದಡದ ಹುಲ್ಲು ಒಂದಷ್ಟು ದೂರ ಹೋಗಿ ಬಿಳುಪಿನಲ್ಲಿ ಮಾಯವಾಗಿತ್ತು. ಎಲ್ಲೋ ಒಂದು ಮರಿಗುದುರೆ ತಾಯಿಯನ್ನು ಕೂಗಿತು. ಆ ಕೂಗು ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ, ಅಥವಾ ನಾನು ನಿದ್ದೆಯಲ್ಲಿ ಕೇಳಿದೆನೋ ತಿಳಿಯಲಿಲ್ಲ. ಕ್ಯಾಲೆಂಡರಿನವರು ಕನಸಿನಲ್ಲಿ ಕೇಳುವಂಥ ಚಿತ್ರ ಕಣ್ಣೆದುರಿಗಿತ್ತು. ಮಂಜು ಇನ್ನು ಒಂದು ಗೇಣು ಮೇಲೇಳಲಿ, ಹೊಡೆಯೋಣ ಎಂದು ಬೆರಳಿಟ್ಟು ಕಾದೆ.

ಆಗ ಚಿತ್ರದೊಳಗೆ ಒಂದು ಕುದುರೆ ನುಗ್ಗಿತು. ಅದರ ಹಿಂದೆ ಇನ್ನೊಂದು, ಅದರ ಮೇಲೊಬ್ಬಳು. ತಪ್ಪಿಸಿಕೊಂಡ ಹಾಲಿನ ಕುದುರೆಯನ್ನು ಯಾರೋ ಹುಡುಗಿ ಅಟ್ಟಿಸಿಕೊಂಡು ಹೊರಟಿದ್ದಳು. ಜೀನು ಇಲ್ಲ, ತಲೆವಸ್ತ್ರ ಜಾರಿ ಬೆನ್ನ ಮೇಲೆ ಹಾರುತ್ತಿತ್ತು. ಸ್ವಲ್ಪ ಎಡಕ್ಕೆ ವಾಲಿ, ಒಂದು ಕೈಯನ್ನು ಸೊಂಟದ ಹಿಂದೆ ಮಡಿಸಿಟ್ಟು, ಕುದುರೆಯ ಮೇಲೆ ಕೂತೇ ಇಲ್ಲವೇನೋ ಎಂಬಷ್ಟು ಹಗುರಾಗಿ ಹೋದಳು. ನೀರಿನ ಅಂಚಿನಲ್ಲಿ ಗೊರಸುಗಳು ಬಿಳಿ ಹನಿ ಎಬ್ಬಿಸಿದವು. ಬೇರೆ ದಿನವಾಗಿದ್ದರೆ ಹಲ್ಲು ಕಚ್ಚಿ ಅವಳು ದಾಟಲೆಂದು ಕಾಯುತ್ತಿದ್ದೆ. ಆದರೆ ಬೆರಳು ನನ್ನ ಮಾತು ಕೇಳಲಿಲ್ಲ. ಒಂದೇ ಒಂದು ಸಲ ಒತ್ತಿತು.

ಪಕ್ಕದ ಗುಡಾರಕ್ಕೆ ಬಂದ ಹೊಸ ಸೊಸೆ ಇರಬೇಕು, ಎಂಥ ಸವಾರಿ ಎಂದುಕೊಂಡೆ. ಇಲ್ಲಿಯವರಾಗಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ. ಇಲ್ಲಿ ಯಾರೂ ಮುಖ ಕಾಣುವವರೆಗೆ ಕಾಯುವುದಿಲ್ಲ. ಆಚೆ ದಿಣ್ಣೆಯ ಮೇಲೆ ಒಂದು ಚುಕ್ಕೆ ಮೂಡಿದರೆ ಸಾಕು, ಕೂತ ಓರೆಯನ್ನು, ಲಗಾಮಿನ ಕೈಯನ್ನು ನೋಡಿ ಇಂಥವನೇ ಬಂದ ಎಂದು ಒಲೆಗೆ ನೀರಿಡುತ್ತಾರೆ. ಬಿಷ್ಕೆಕ್‌ನಲ್ಲಿ ಟ್ರಾಲಿ ಬಸ್ಸು ನೋಡಿ ಬೆಳೆದ ನನಗೆ ಆ ಕಣ್ಣಿಲ್ಲ. ಕುದುರೆ ಸಿಕ್ಕ ಮೇಲೆ ಆ ಹುಡುಗಿ ನಿಧಾನ ಸವಾರಿಯಲ್ಲಿ ಹಿಂದಿರುಗಿ ನನ್ನ ಹತ್ತಿರವೇ ಇಳಿದಳು. ಇಳಿಯುವಾಗ ಮಂಡಿ ಹಿಡಿದು ಅಯ್ಯಮ್ಮಾ ಎಂದಳು. ಕಲಿಪಾ ಅಜ್ಜಿ! ಗುಲ್ಬಾರಾ ಹಗ್ಗ ಸರಿಯಾಗಿ ಬಿಗಿದಿರಲಿಲ್ಲವಂತೆ. ಅವಳಿಗೆ ಬೈಯುತ್ತ, ಕುದುರೆಗೆ ಬೈಯುತ್ತ, ನೋಡುತ್ತ ನಿಂತ ನನಗೂ ಒಂದಿಷ್ಟು ಬೈದು, ಕುಂಟುತ್ತ ಗುಡಾರದ ಕಡೆ ಹೋದಳು.

ಮಧ್ಯಾಹ್ನ ಟೀಗೆ ಕೂತಾಗ ಅಳುಕುತ್ತಲೇ ಆ ಫೋಟೋ ತೋರಿಸಿದೆ. ಅಜ್ಜಿ ಪರದೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದ್ರಲ್ಲಿ ನನ್ನ ಮುಖ ಎಲ್ಲಿದೆಯೋ?" ಎಂದಳು. "ಹೇನಿನಷ್ಟೂ ಇಲ್ಲ. ಕಲ್ಲಿನ ಮೇಲೆ ಹೇನು ಕೆತ್ತಿಸ್ಲಾ?"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಕೊಚ್‌ಕೋರಿನವನಿಗೆ ಮುಖ ಬೇಕು, ಅವನು ಕೆತ್ತುವುದೇ ಮುಖ. ನಾನು ಹೀಗೇ ಏನೋ ಗೊಣಗಿ ಕ್ಯಾಮೆರಾಗೆ ಕೈ ಚಾಚಿದೆ. ಅಷ್ಟರಲ್ಲಿ ಎಣ್ಣೆಯಲ್ಲಿ ಕರಿದ ಬೋರ್ಸೋಕ್ ಮೆಲ್ಲುತ್ತ ಕೂತಿದ್ದ ಮುಕಾಶ್ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ತೆಗೆದುಕೊಂಡವನು ಮೆಲ್ಲುವುದನ್ನು ನಿಲ್ಲಿಸಿದ. ಹುಬ್ಬು ಗಂಟಿಕ್ಕಿತು. ಅವನಿಗೆ ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇವ್ಳಿಗೆ ಎಷ್ಟು ಹೇಳಿದ್ರೂ ಅಷ್ಟೇ," ಎಂದ. "ಹೊಟ್ಟೇಲಿ ಕೂಸಿಟ್ಕೊಂಡು ಹಿಂಗಾ ಕುದ್ರೆ ಓಡ್ಸೋದು? ಜೀನೂ ಹಾಕ್ದೆ?"

ಯಾರನ್ನು ಹೇಳುತ್ತಿದ್ದೀ ಎಂದು ಗುಲ್ಬಾರಾ ಮೆಲ್ಲಗೆ ಕೇಳಿದಳು.

"ಇನ್ಯಾರು? ನಮ್ಮ ಅತ್ತಿಗೆ, ಕಲಿಪಾ. ಅಣ್ಣ ನೋಡಿದ್ರೆ ಸುಮ್ನೆ ಬಿಡಲ್ಲ."

ಅವನು ಅವಳ ಹೆಸರು ಹೇಳಿ ಎಷ್ಟು ಕಾಲವಾಗಿತ್ತೋ. ಅಜ್ಜಿಯ ಕೈಯಲ್ಲಿದ್ದ ಬಟ್ಟಲು ವಾಲಿ ಟೀ ಮಡಿಲಿಗೆ ಚೆಲ್ಲಿತು, ಅವಳಿಗೆ ಗೊತ್ತಾಗಲಿಲ್ಲ. ಅವಳು ಮೈದುನನ ಭುಜಕ್ಕೆ ಭುಜ ತಾಗಿಸಿ ಕೂತು, ಅವನ ಕೈಯಲ್ಲೇ ಇದ್ದ ಪರದೆಯನ್ನು ಬಹಳ ಹೊತ್ತು ನೋಡಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮುಖ ಇಲ್ಲದಿದ್ದರೂ ಚಿಂತೆಯಿಲ್ಲ, ಕಲ್ಲಿನವನಿಗೆ ಇದನ್ನೇ ಕೊಡು ಎಂದು ನನಗೆ ಹೇಳಿದಳು. ಆಮೇಲೆ ಮುಕಾಶನ ಕಿವಿಯ ಹತ್ತಿರ ಬಗ್ಗಿದಳು.

"ಅಣ್ಣಂಗೆ ಹೇಳ್ಬೇಡ ಕಣೋ."

"ಹೇಳಲ್ಲ ಬಿಡು ಅತ್ತಿಗೆ," ಎಂದ ಮುದುಕ.