ತಕರಾರು ಮೇಷ್ಟ್ರು

ಇಂಗ್ಲಿಷಿನಲ್ಲಿ ಒಂದೇ ಅರ್ಥ ಇರುವಂತೆ ಕಾಣುವ ಎರಡೆರಡು ಪದಗಳನ್ನು ಬೇರೆ ಮಾಡಿ ತೋರಿಸುವುದು ನನ್ನ ಕೆಲಸ. ಶಾಲಾ ಮಕ್ಕಳ ನಿಘಂಟು ತಯಾರಿಸುವ ಕಚೇರಿ ನಮ್ಮದು. ಅಲ್ಲೊಂದು ಪದ್ಧತಿ: ಜಗಳವಾಡದೆ ಯಾವ ಜೋಡಿಯೂ ಅಚ್ಚಿಗೆ ಹೋಗುವಂತಿಲ್ಲ. ಒಬ್ಬರು ಒಂದು ಪದದ ಪರ, ಇನ್ನೊಬ್ಬರು ಇನ್ನೊಂದರ ಪರ. ಎದುರು ಮೇಜಿನ ತಕರಾರು ಮೇಷ್ಟ್ರು ಇದರಲ್ಲಿ ಎತ್ತಿದ ಕೈ. ‘ಸ್ಮಾಲ್’, ‘ಲಿಟಲ್’ ಬಂದಾಗ ವಾರವಿಡೀ ನನ್ನ ತಲೆ ತಿಂದಿದ್ದರು. “ಲಿಟಲ್‌ನಲ್ಲಿ ಮುದ್ದಿದೆ ಕಣೇ, ಸ್ಮಾಲ್‌ನಲ್ಲಿ ಬರೀ ಅಳತೆ. ತಲೆಗೆ ಹೋಗುತ್ತಾ ಇಲ್ವಾ ನಿಂಗೆ?” ಎಂದು ಮೇಜು ಕುಟ್ಟಿದ್ದರು.

ಅವರು ನಿವೃತ್ತರಾದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಮೇಜಿನ ಮೇಲೆ ಪ್ರಿಂಟರ್ ತಂದಿಟ್ಟರು. ಈಗ ಎರಡೂ ಕಡೆ ನಾನೇ ವಾದಿಸಬೇಕು. ನನ್ನನ್ನು ನಾನೇ ಬೈದುಕೊಂಡರೆ ಏನು ಮಜಾ, ಹೇಳಿ? ದಿನವಿಡೀ ತುಟಿ ಬಿಚ್ಚದೆ ಮನೆಗೆ ಹೋದರೆ ಅಲ್ಲೂ ಬೀಗ ತೆಗೆಯುವವಳು ನಾನೇ, ದೀಪ ಹಾಕುವವಳೂ ನಾನೇ. ನಿಜ ಹೇಳುತ್ತೇನೆ, ಒಂದು ಒಳ್ಳೆಯ ಜಗಳಕ್ಕಾಗಿ ಜೀವ ಹಾತೊರೆಯುತ್ತಿತ್ತು.

‘ಶಟ್’, ‘ಕ್ಲೋಸ್’ ಜೋಡಿ ಬಂದಾಗ ತಡೆಯಲಾಗಲಿಲ್ಲ. ಭಾನುವಾರ ಅವರ ಮನೆಗೇ ಹೋದೆ.

ಅವರ ಹೆಂಡತಿ ಬಾಗಿಲಲ್ಲೇ ದನಿ ತಗ್ಗಿಸಿದರು. “ಮೊದಲಿನ ಹಾಗಿಲ್ಲಮ್ಮ. ಮರೆವು. ಯಾರು ಏನು ಹೇಳಿದ್ರೂ ಹೂಂ ಅಂತಾರೆ. ಈ ಮನುಷ್ಯ ಒಂದು ಗಳಿಗೆ ಬಾಯಿ ಮುಚ್ಕೊಂಡಿರಬಾರದಾ ಅಂತಿದ್ದೆ, ನೋಡು.”

ತಕರಾರು ಮೇಷ್ಟ್ರು ಹೂಂ ಅನ್ನುವುದೇ? ಛೆ, ಎಲ್ಲಾದರೂ ಉಂಟೇ! ನಾನು ನಂಬಲಿಲ್ಲ.

ಕಿಟಕಿಯ ಪಕ್ಕ ಕೂತಿದ್ದರು. ಕುರ್ಚಿ ಎಳೆದುಕೊಂಡು ಬೇಕೆಂದೇ ಉಲ್ಟಾ ಹೇಳಿದೆ: “ಸಾರ್, ಬಾಗಿಲನ್ನ ದಡಾರ್ ಅಂತ ಹಾಕಿದ್ರೆ ಕ್ಲೋಸ್, ಮೆಲ್ಲಗೆ ಮುಚ್ಚಿದ್ರೆ ಶಟ್. ಹಾಗೇ ಬರೆದುಬಿಡ್ತೀನಿ.” ಹಿಂದಿನ ಮೇಷ್ಟ್ರಾಗಿದ್ದರೆ ಇಷ್ಟೊತ್ತಿಗೆ ಪೆನ್ನು ನನ್ನತ್ತ ಹಾರಿರುತ್ತಿತ್ತು.

“ಹೌದು ಮೇಡಂ, ನೀವು ಹೇಳಿದ್ದೇ ಸರಿ,” ಎಂದು ನಕ್ಕರು.

ಮೇಡಂ ಅಂತೆ! ನೀವು ಅಂತೆ! “ಅದು ತಪ್ಪು ಸಾರ್. ಬೇಕಂತಲೇ ತಪ್ಪು ಹೇಳ್ದೆ. ಬೈಯಿರಿ ನನ್ನನ್ನ.”

“ಅದೂ ಸರಿನೇ.”

ಅಳು ಬಂದೇಬಿಟ್ಟಿತು. ಅವರ ಕೈ ಹಿಡಿದುಕೊಂಡೆ. “ಒಂದೇ ಒಂದ್ಸಲ ‘ಅಲ್ಲ’ ಅನ್ನಿ ಸಾರ್. ನನಗೋಸ್ಕರ.”

ನನ್ನ ಕಣ್ಣೀರು ನೋಡಿ ಅವರ ಮುಖ ಬಾಡಿತು. ಪಾಪ, ಹೇಗಾದರೂ ನನ್ನನ್ನು ಸಮಾಧಾನ ಮಾಡಬೇಕೆನಿಸಿತೋ ಏನೋ, ಜೋರಾಗಿ ತಲೆಯಾಡಿಸಿದರು.

“ಆಯ್ತು ಮೇಡಂ, ಆಯ್ತು. ನೀವು ಹೇಗೆ ಹೇಳ್ತೀರೋ ಹಾಗೆ.”